ಮಾರದ ಹೆಂಚು

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಆಲಿಕಲ್ಲು ಮಳೆಗೆ ಹೆಂಚು ಒಡೆದದ್ದು ಅಲ್ಲಲ್ಲಿ ಮಾತ್ರ. ಆದರೆ ಈಗಿನ ಹೆಂಚು ಹಳೆಯದರ ಜೊತೆ ಕೂರುವುದಿಲ್ಲ. ಹೊಸದು ಬೇಕೆಂದರೆ ಇಡೀ ಚಾವಣಿಗೇ ಹಾಕಬೇಕು, ನನ್ನ ಸ್ಕೂಟರಿಗೆಂದು ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಸುರಿಯಬೇಕು. ನಮ್ಮಂಥದ್ದೇ ಹಳೆಯ ಹೆಂಚು ಪಕ್ಕದ ಮನೆಯವರ ಹಿತ್ತಲಲ್ಲಿತ್ತು. ಆರ್‌ಸಿಸಿ ಕಟ್ಟಿಸಿದಾಗ ಇಳಿಸಿ ಪೇರಿಸಿಟ್ಟಿದ್ದರು.

“ಹೆಂಚಿಗೆ ಏಟು ದುಡ್ಡು ಕೊಡ್ಲಿ ಅಣ್ಣ?” ಎಂದರು ಅಪ್ಪ.

“ನಮ್ಮಪ್ಪ ಹೊದಿಸಿದ್ದ ಹೆಂಚ ಮಾರ್ತೀನೇನ್ಲಾ? ಸುಮ್ನೆ ಎತ್ಕೊಂಡೋಗು.”

“ಬಿಟ್ಟಿ ಬ್ಯಾಡ ಅಣ್ಣ.”

ಹಾಸನದ ನಮ್ಮ ಕಾಲೇಜಿಗೆ ಚರ್ಚಾಸ್ಪರ್ಧೆಯ ಕಪ್ ತಂದುಕೊಟ್ಟವಳು ನಾನು. ಇಬ್ಬರ ಹತ್ತಿರವೂ ವಾದಿಸಿದೆ. “ನೀ ಯೋಳೋದು ಸರಿ ಕಣವ್ವ” ಎಂದು ಇಬ್ಬರೂ ಒಪ್ಪಿದರು, ಒಬ್ಬರೂ ಅಲುಗಲಿಲ್ಲ. ಅಷ್ಟರಲ್ಲಿ ಮತ್ತೊಂದು ಮಳೆ ಬಂದು ಅಡುಗೆಮನೆಯ ಅಕ್ಕಿಯೆಲ್ಲ ನೆನೆಯಿತು. ಅಪ್ಪ ಸ್ಕೂಟರಿನ ದುಡ್ಡು ತೆಗೆದು ಇಡೀ ಚಾವಣಿಗೆ ಹೊಸ ಹೆಂಚು ಹೊದಿಸಿದರು.

ಇಳಿಸಿದ ಹಳೆಯ ಹೆಂಚಿನ ರಾಶಿ ಅಂಗಳದಲ್ಲಿ ಬಿದ್ದಿತ್ತು. ಪಕ್ಕದ ಮನೆಯವರು ಬಂದು ನೋಡಿದರು.

“ನಮ್ಮವು ತ್ವಾಟದ ಮನೆಗೆ ಸಾಲ್ದು ಕಣ್ಲಾ. ಇವುಕ್ಕೆ ಏಟು ಕೊಡ್ಲಿ?”

“ಮನೆ ಹೆಂಚ ಮಾರ್ತೀನಾ ಅಣ್ಣ? ಸುಮ್ನೆ ತಗೊಂಡೋಗು.”

“ಬಿಟ್ಟಿ ಬ್ಯಾಡ ಕಣ್ಲಾ.”

ನಾನು ಬ್ಯಾಗು ಹೆಗಲಿಗೇರಿಸಿಕೊಂಡು, ಹಾಸನದ ಬಸ್ಸಿಗೆ ನಡೆದುಕೊಂಡೇ ಹೊರಟೆ.