ಹೆಂಡತಿಗೆ ಹಚ್ಚಿದ ಫೋನು

ಹುಮನಾಬಾದಿನ ನಮ್ಮ ಔಷಧ ಕಾರ್ಖಾನೆಯಲ್ಲಿ ಯಾರಾದರೂ ಕೆಲಸ ಬಿಡುತ್ತೇನೆಂದರೆ ಮ್ಯಾನೇಜರ್ ಅವನೊಡನೆ ವಾದಕ್ಕಿಳಿಯುತ್ತಿರಲಿಲ್ಲ. ಅವನ ಹೆಂಡತಿಗೆ ಫೋನು ಹಚ್ಚುತ್ತಿದ್ದರು. ಲಗ್ನವಾಗದವರು ಸಿಟ್ಟು ಬಂದರೆ ಬೇರೆ ಕಾರ್ಖಾನೆ ಹುಡುಕಿ ಜಹೀರಾಬಾದಿನ ಬಸ್ಸು ಹತ್ತಿಬಿಡುತ್ತಿದ್ದರು. ಅದಕ್ಕೇ ಯಾರದಾದರೂ ಲಗ್ನವೆಂದರೆ ಮ್ಯಾನೇಜರರಿಗೆ ಎಲ್ಲಿಲ್ಲದ ಹಿಗ್ಗು. ನನ್ನ ಲಗ್ನಕ್ಕೆ ಬಸವಕಲ್ಯಾಣದವರೆಗೂ ಬಂದು, ಗೋಡೆ ಗಡಿಯಾರ ಕೊಟ್ಟು, ಹೆಂಡತಿಯ ನಂಬರು ಇಸಿದುಕೊಂಡು ಹೋಗಿದ್ದರು. ಅದನ್ನು ನಾನು ಪ್ರೀತಿಯೆಂದೇ ತಿಳಿದಿದ್ದೆ, ಪೆದ್ದ.

ಆಮೇಲೆ ಪಗಾರ ಏರಲಿಲ್ಲ. ನನ್ನ ಕೈಕೆಳಗೆ ಕೆಲಸ ಕಲಿತ, ಲಗ್ನವಾಗದ ಹುಡುಗರಿಗೆ ಏರಿತು. ಅವರು ಬಿಟ್ಟು ಹೋಗಬಹುದಲ್ಲ. ನಾನು ಕೇಳಿದಾಗಲೆಲ್ಲ ಮುಂದಿನ ವರ್ಷ ನೋಡೋಣವೆಂಬ ಒಂದೇ ಮಾತು. ಮಷೀನಿನ ಮುಂದೆ ನಿಂತರೆ ಮೊದಲಿನ ಹಾಗೆ ಕೈ ಓಡುತ್ತಿರಲಿಲ್ಲ.

ಒಂದು ಮುಂಜಾನೆ ತಲೆ ಕೆಟ್ಟು ಮ್ಯಾನೇಜರರ ಕೋಣೆಗೆ ಹೋಗಿ, ಪಗಾರ ಏರಿಸದಿದ್ದರೆ ಇವತ್ತೇ ಕೊನೆ ಎಂದುಬಿಟ್ಟೆ. ಮನೆಯಲ್ಲಿ ಈ ಮಾತು ಎತ್ತಿರಲಿಲ್ಲ. ಹೆಂಡತಿ ತುಂಬು ಬಸುರಿ, ಮನೆ ನಡೆಯುತ್ತಿದ್ದುದು ನನ್ನೊಬ್ಬನ ದುಡಿಮೆಯಿಂದ. ಮ್ಯಾನೇಜರ್ ನಗುತ್ತ ಆಕೆಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಹಿಂದೆ ನನ್ನ ಜೊತೆಗಾರನೊಬ್ಬನ ಹೆಂಡತಿ ಇದೇ ಫೋನಿನಲ್ಲಿ ಅತ್ತಿದ್ದಳು. ಅವನು ತಲೆ ತಗ್ಗಿಸಿ ಮಷೀನಿಗೆ ಮರಳಿದ್ದನ್ನು ನಾವೆಲ್ಲ ನೋಡಿದ್ದೆವು.

ನಿಮ್ಮ ಮನೆಯವರು ಕೆಲಸ ಬಿಡುತ್ತಾರಂತೆ, ಇಂಥ ಹೊತ್ತಿನಲ್ಲಿ ನೀವಾದರೂ ಬುದ್ಧಿ ಹೇಳಬೇಕಮ್ಮ ಎಂದರು ಮ್ಯಾನೇಜರ್. ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಸಾಹೇಬ್ರ, ಅವರ ಪಗಾರ ಏರಸ್ತೀರೇನ್ರಿ?”

ಮ್ಯಾನೇಜರ್ ಮುಂದಿನ ವರ್ಷದ ಮಾತು ತೆಗೆದರು.

“ಹಂಗಾದ್ರ ಅವರಿಗಿ ಮನಿಗಿ ಕಳಸ್ರಿ. ರೊಟ್ಟಿ ಮಾಡಾಕತ್ತೇನಿ.”

ಫೋನು ಆಕೆಯೇ ಇಟ್ಟಳು. ಮ್ಯಾನೇಜರರ ಮುಖದ ನಗು ಇಂಗಿತು. ನನ್ನ ಲೆಕ್ಕ ಮುಗಿಸಿಬಿಡಿ ಎಂದೆ. ಗೆದ್ದೆನೆಂದೇನೂ ಅನಿಸಲಿಲ್ಲ, ಹೆದರಿಕೆಯೇ ಹೆಚ್ಚಾಗಿತ್ತು. ಹೇಳದೆ ಕೇಳದೆ ಇಂಥ ಕೆಲಸ ಮಾಡಿದ್ದಕ್ಕೆ ಆಕೆ ಏನೆನ್ನುತ್ತಾಳೋ ಎಂಬುದೇ ಮನೆಗೆ ಹೋಗುವ ಬಸವಕಲ್ಯಾಣದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಚಿಂತೆ.

ಆಕೆ ಕೈಕಾಲು ತೊಳೆದು ಬರಲು ಹೇಳಿ, ತಾಟು ಇಟ್ಟಳು. ಲಗ್ನವಾದಾಗಿನಿಂದ ಒಂದು ರೊಟ್ಟಿಯನ್ನೂ ಸೀಯಿಸಿದವಳಲ್ಲ. ಅಂದು ಬುಟ್ಟಿಯಲ್ಲಿದ್ದವೆಲ್ಲ ಸೀದು ಕರ್ರಗಾಗಿದ್ದವು. ಯಾಕೆಂದು ನಾನು ಕೇಳಲಿಲ್ಲ. ಬಡಿಸಿದ್ದನ್ನೆಲ್ಲ ತಿಂದೆ.