ಶಿಲ್ಪಾಳನ್ನು ಬೇರೆ ಮಾಡಿದ್ದು

ಅಮೃತೂರಿನಲ್ಲಿ ಮಾನಸಾಳದ್ದೊಂದು ಪುಟ್ಟ ಬ್ಯೂಟಿ ಪಾರ್ಲರ್ ಇದೆ. ಅವಳೂ ಶಿಲ್ಪಾಳೂ ಅವಳಿಗಳು. ಕೆಲವೇ ನಿಮಿಷಗಳಷ್ಟು ಮಾನಸಾ ದೊಡ್ಡವಳು. ಮದುವೆಯಾಗಿ ಗುಬ್ಬಿಗೆ ಹೋಗಿದ್ದ ಶಿಲ್ಪಾ ಡೆಂಗಿ ಜ್ವರ ಬಂದು ತೀರಿಕೊಂಡಳು. ಗಂಡ ಚನ್ನೇಶ್, ಎರಡು ವರ್ಷದ ಮಗಳು ಇಂಪನಾ ಉಳಿದರು.

ತಿಥಿಯ ದಿನ ಮಗು ಓಡಿಬಂದು "ಅಮ್ಮಾ" ಎಂದು ಮಾನಸಾಳ ಕುತ್ತಿಗೆಗೆ ಜೋತುಬಿತ್ತು. ನೆರೆದವರೆಲ್ಲ ಅತ್ತುಬಿಟ್ಟರು. ಮಗುವಿಗೆ ತನ್ನ ತಾಯಿ ಯಾರೆಂದು ತಿಳಿಯಲೇಬೇಕು ಎಂದುಕೊಂಡಳು ಮಾನಸಾ. ಆದರೆ ಫೋಟೊ ಹುಡುಕಲು ಹೋದರೆ ಮೊಬೈಲು ಇಬ್ಬರ ಮುಖವನ್ನೂ ಒಂದೇ ಗುಂಪಿಗೆ ಸೇರಿಸಿಬಿಟ್ಟಿತ್ತು. ಆ ಗುಂಪಿಗೆ ಅವಳು ಎಂದೋ ಕೊಟ್ಟಿದ್ದ ಹೆಸರು 'ನಾನು'.

ಮರಳೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನವೀದ್ ನೋಡಿ ಹೇಳಿದ: "ಅಕ್ಕ, ಇದಕ್ಕೆ ಮನುಷ್ಯರು ಗೊತ್ತಿಲ್ಲ. ಕಣ್ಣು, ಮೂಗು, ಗಲ್ಲ ಹೆಂಗವೆ ಅಂತ ಲೆಕ್ಕ ಹಾಕುತ್ತೆ. ಲೆಕ್ಕ ಹತ್ತಿರ ಬಂದ್ರೆ ಒಬ್ರೇ ಅನ್ಕೊಳ್ಳುತ್ತೆ. ತಪ್ಪಿರೋದನ್ನ ನೀವೇ ತೆಗೆದು ಬೇರೆ ಹೆಸರಿಗೆ ಹಾಕ್ತಾ ಹೋಗಿ, ಅದೂ ಕಲಿಯುತ್ತೆ."

ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಅವಳು ಅದಕ್ಕೇ ಕೂತಳು. ಇವಳಲ್ಲ. ಇವಳು. ಇವಳಲ್ಲ. ನಗುವಾಗ ಶಿಲ್ಪಾಳ ಎಡಗಣ್ಣು ತುಸು ಹೆಚ್ಚು ಮುಚ್ಚಿಕೊಳ್ಳುತ್ತಿತ್ತು, ಅದೇ ಗುರುತು. ಬರುಬರುತ್ತಾ ಮೊಬೈಲು ತಾನಾಗಿಯೇ "ಇದು ಶಿಲ್ಪಾನಾ?" ಎಂದು ಕೇಳತೊಡಗಿತು, ಬಹುಪಾಲು ಸರಿಯಾಗಿಯೇ. ಕಾಲೇಜಿನ ದಿನಗಳ ಒಂದು ಫೋಟೊದಲ್ಲಿ ಮಾತ್ರ, ಅರ್ಧ ಮುಖ ತಿರುಗಿಸಿ ನಿಂತ ಹುಡುಗಿ ತಾನೋ ತಂಗಿಯೋ ಅವಳಿಗೇ ತಿಳಿಯಲಿಲ್ಲ. ತಾಯಿ ಚಿಕ್ಕಗಂಗಮ್ಮನಿಗೆ ತೋರಿಸಿದಳು. ಅವರು ಬಹಳ ಹೊತ್ತು ನೋಡಿ, "ನಂಗೂ ತಿಳೀತಿಲ್ಲ ಕಣವ್ವಾ," ಎಂದು ಸೆರಗು ಬಾಯಿಗಿಟ್ಟುಕೊಂಡರು.

ಗುಬ್ಬಿಗೆ ಹೋಗಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ನೋಡು ಪುಟ್ಟಾ, ಇವ್ಳು ನಿನ್ನಮ್ಮ. ನಾನು ದೊಡ್ಡಮ್ಮ."

ಇಂಪನಾ ಫೋಟೊ ನೋಡಿದಳು. ಮಾನಸಾಳ ಕೆನ್ನೆ ಮುಟ್ಟಿದಳು. "ನೀನೇ," ಎಂದಳು.

ಹೊರಡುವಾಗ ಬಾಗಿಲವರೆಗೆ ಬಂದ ಚನ್ನೇಶ್ ಅವಳ ಮುಖ ನೋಡದೆ ಹೇಳಿದ: "ಅತ್ತಿಗೆ, ಪ್ರತಿ ಸಲ ನೀವು ಬಂದು ಹೋದ್ಮೇಲೆ ಮಗು ಬಾಗ್ಲು ಬಿಟ್ಟು ಏಳಲ್ಲ. ಊಟನೂ ಮಾಡಲ್ಲ. ಸ್ವಲ್ಪ ದಿನ ಬರ್ಬೇಡಿ. ನಿಮ್ ಮುಖ ನೋಡೋಕೆ ನನ್ ಕೈಲೂ ಆಗ್ತಿಲ್ಲ."

ಆಮೇಲೆ ಅವಳು ಗುಬ್ಬಿಗೆ ಹೋಗಲಿಲ್ಲ. ಶಿಲ್ಪಾಳ ಫೋಟೊಗಳನ್ನಷ್ಟೇ ಅವನಿಗೆ ಕಳಿಸುತ್ತಿದ್ದಳು. ಅವನು ಮಗುವಿಗೆ ತೋರಿಸುತ್ತಿದ್ದ. ವರ್ಷದ ಕಾರ್ಯಕ್ಕೆ ಹೋದಾಗ ಇಂಪನಾ ಅಪ್ಪನ ಕಾಲ ಹಿಂದಿನಿಂದ ಇಣುಕಿ, "ದೊಡ್ಡಮ್ಮ," ಎಂದಳು. ಹತ್ತಿರ ಬರಲಿಲ್ಲ.

"ಹೂಂ ಪುಟ್ಟಾ, ದೊಡ್ಡಮ್ಮ," ಎಂದಳು ಮಾನಸಾ.

ಊಟ ಮುಗಿಸಿ, ಎಲ್ಲರಿಗೂ ಹೇಳಿ ಹೊರಟಳು. ಗುಬ್ಬಿ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಳು. ಅವಳು ಹತ್ತಬೇಕಿದ್ದ ತುಮಕೂರಿನ ಬಸ್ಸು ಬಂದು, ನಿಂತು, ಹೋಯಿತು. ಅವಳಿಗೆ ಏಳಲಾಗಲಿಲ್ಲ.