ಆನೆಯಮ್ಮನ ನಾಲ್ಕು ಬೆರಳು

ಬೊಂಬೆ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಆನೆಯಮ್ಮ ಎಂದು. ಆಳು ಮಾತ್ರ ಕಡ್ಡಿ. ಗಾಳಿ ಜೋರಾದರೆ ಕಿಟಕಿ ಮುಚ್ಚಿ ಕಾಪಾಡಿಕೊಳ್ಳಬೇಕು. ಆದರೆ ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಹುಟ್ಟಿದ ಬಟ್ಟೆಯಾನೆಗಳೆಲ್ಲ ಬಟ್ಟೆ ಕತ್ತರಿಸಲು ಅವರು ಬರೆದ ಕಾಗದದ ಅಚ್ಚಿನವೇ. ಚಪ್ಪಟೆ ಬಟ್ಟೆಯಿಂದ ಗುಂಡು ಹೊಟ್ಟೆ ಬರಬೇಕಾದರೆ ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಚಿ ಹೊಲಿಯಬೇಕು ಎಂಬುದು ಅವರಿಗೆ ನೀರು ಕುಡಿದಷ್ಟು ಸಲೀಸು. ಕಿತ್ತಳೆ ಸಿಪ್ಪೆಯನ್ನೂ ಒಂದೇ ತುಂಡಾಗಿ ಸುಲಿದು, ಮೇಜಿನ ಮೇಲೆ ಹರಡಿ ನೋಡಿದ ಮೇಲೆಯೇ ಹಣ್ಣು ತಿನ್ನುವ ಹೆಂಗಸು.

ಇಂಥವರ ಸೊಸೆಯೇ ಕಾರ್ಖಾನೆಯ ಹೊಸ ಕಂಪ್ಯೂಟರಿನ ಮುಂದೆ ಬಂದು ಕೂತಳು. ಪರದೆಯ ಮೇಲೆ ಆನೆ ಗಿರ್ರನೆ ತಿರುಗುತ್ತದೆ. ಗುಂಡಿ ಒತ್ತಿದರೆ ಸುಲಿದ ಸಿಪ್ಪೆಯಂತೆ ಚಪ್ಪಟೆಯಾಗುತ್ತದೆ. ಅತಿ ಕಡಿಮೆ ಬಟ್ಟೆ, ಅತಿ ಗಿಡ್ಡ ಹೊಲಿಗೆ ಯಾವುದೆಂದು ಅದೇ ಹುಡುಕಿ ಹೇಳುತ್ತದೆ. ಮಾಲೀಕರು ಶುಕ್ರವಾರಕ್ಕೆ ಇಬ್ಬರೂ ಒಂದೊಂದು ಹೊಸ ಆನೆ ತರಬೇಕೆಂದರು. ಗೆದ್ದವರಿಗೆ ಅಚ್ಚಿನ ಕೆಲಸ. ಸೋತರೆ ಆನೆಯಮ್ಮ ಕಿಟಕಿ ಪಕ್ಕದ ಮೇಜು ಬಿಟ್ಟು ಹತ್ತಿ ತುಂಬುವ ಕೋಣೆಗೆ ಹೋಗಬೇಕು.

ಮನೆಯಲ್ಲಿ ಮಗ ಇಬ್ಬರ ನಡುವೆ ಸಿಕ್ಕಿ ತಟ್ಟೆಯಿಂದ ತಲೆ ಎತ್ತದೆ ಊಟ ಮಾಡತೊಡಗಿದ. ಬೊಂಬೆಯನ್ನು ಒಳಮಗ್ಗುಲಿನಿಂದ ಹೊಲಿದು, ಬಿಟ್ಟ ಕಿಂಡಿಯಿಂದ ಹೊರಕ್ಕೆ ತಿರುವಿ, ಆಮೇಲೆ ಹತ್ತಿ ತುಂಬಿ ಕಿಂಡಿ ಹೊಲಿದು ಮುಚ್ಚುವುದು ಕ್ರಮ. ಕಿಂಡಿಗೆ ಎಷ್ಟು ಜಾಗ ಬಿಡಬೇಕೆಂದು ಬುಧವಾರ ಸೊಸೆ ಕೇಳಿದಳು.

"ನಿನ್ನ ಯಂತ್ರಕ್ಕೆ ಎಲ್ಲಾ ಗೊತ್ತಲ್ಲ, ಅದನ್ನೇ ಕೇಳು" ಎಂದರು ಆನೆಯಮ್ಮ. ಸೊಸೆ ತಲೆಯಾಡಿಸಿ ತಟ್ಟೆ ಎತ್ತಿಕೊಂಡು ಹೋದಳು. ಅದು ಅವರಿಗೆ ಇನ್ನಷ್ಟು ಸಿಟ್ಟು ತರಿಸಿತು.

ಶುಕ್ರವಾರ ಸೊಸೆಯ ಆನೆ ಮೊದಲು ಬಂತು. ಗಿಡ್ಡ ಹೊಲಿಗೆ ಹುಡುಕಿದ ಕಂಪ್ಯೂಟರಿನ ಗೆರೆ ಹಣೆಯಿಂದ ಇಳಿದು ಕಣ್ಣಿನ ಮೇಲೇ ಹಾದುಹೋಗಿತ್ತು. ಜಗಳದಲ್ಲಿ ಪೆಟ್ಟು ತಿಂದು ಬಂದಂತಿದ್ದ ಆ ಮುಖವನ್ನು ಮಾಲೀಕರು ಗೋಡೆಗೆ ತಿರುಗಿಸಿಟ್ಟರು. ಆನೆಯಮ್ಮನ ಮುಖ ಅರಳಿತು. ಕಾಲುಗಳ ನಡುವೆ ಉಳಿದ ಚೂರಿನಲ್ಲೇ ಕಿವಿ, ಬಾಲ ಎರಡನ್ನೂ ತೆಗೆದು ಅವರು ಕಂಪ್ಯೂಟರಿಗಿಂತ ಒಂದು ಗೇಣು ಬಟ್ಟೆ ಉಳಿಸಿದ್ದರು. ಎಲ್ಲರೆದುರು ತಿರುವಿ ತೋರಿಸಬೇಕೆಂದೇ ಆನೆಯನ್ನು ಒಳಮಗ್ಗುಲು ಹೊರಗಿದ್ದ ಹಾಗೇ ತಂದಿದ್ದರು.

ಹೊಟ್ಟೆ ತಡಕಿದರು. ಬೆನ್ನು ತಡಕಿದರು. ಬಾಲದ ಬುಡವನ್ನೂ ನೋಡಿದರು. ಕಿಂಡಿ ಇರಲಿಲ್ಲ. ಕಿಂಡಿ ಬಿಡ್ರೇ ಎಂದು ಇಪ್ಪತ್ತೆಂಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವರು, ಗೆಲ್ಲುವ ಹಟದಲ್ಲಿ ಆನೆಯನ್ನು ಸುತ್ತಲೂ ಹೊಲಿದು ಬಿಗಿದಿದ್ದರು. ಯಾರೋ ಕಿಸಕ್ಕೆಂದರು. ಆನೆಯಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಸೊಸೆ ಎದ್ದು ಬಂದು, ಹೊಟ್ಟೆಯಡಿ ಒಂದಿಷ್ಟು ಹೊಲಿಗೆ ಬಿಚ್ಚಿ, ಆನೆಯನ್ನು ತಿರುವಿದಳು. ಕಾಲು ಬಂತು, ಕಿವಿ ಬಂತು, ಎಳೆದ ಮೇಲೆ ಸೊಂಡಿಲೂ ಬಂತು. ಮುಖದಲ್ಲಿ ಒಂದು ಹೊಲಿಗೆಯೂ ಕಾಣದ ಚೆಂದದ ಆನೆ. ಮಾಲೀಕರು ನಕ್ಕು, ಅಚ್ಚು ಅಮ್ಮನದೇ ಇರಲಿ, ಅದನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ ಸೊಸೆಯದು ಎಂದರು.

ಬಿಚ್ಚಿದ್ದು ಸರಿಯಾಗಿ ನಾಲ್ಕು ಬೆರಳು ಅಗಲ. ನಿನಗೆ ಹೇಗೆ ಗೊತ್ತು ಎಂದು ಆನೆಯಮ್ಮ ಮೆಲ್ಲಗೆ ಕೇಳಿದರು.

"ನೀವು ಮನೇಲಿ ದಿಂಬು ಹೊಲಿಯೋವಾಗ ನೋಡ್ತಿದ್ದೆ" ಎಂದಳು ಸೊಸೆ. ಆಮೇಲೆ ಅಳತೆಪಟ್ಟಿ ಹಿಡಿದು ಕೂತಳು. "ನಾಲ್ಕು ಬೆರಳು ಅಂದ್ರೆ ಕಂಪ್ಯೂಟರಿಗೆ ಅರ್ಥ ಆಗಲ್ಲ. ಕೈ ಇಡಿ ಅತ್ತೆ."

ಜನ್ಮವೆಲ್ಲ ಅಳತೆ ತೆಗೆದ ಕೈಯನ್ನು ಆನೆಯಮ್ಮ ಮೊದಲ ಸಲ ಅಳತೆಗೆ ಇಟ್ಟರು. ಸೊಸೆ ಬರೆದುಕೊಳ್ಳುವಷ್ಟರಲ್ಲಿ ಬೆರಳುಗಳನ್ನು ತುಸು ಅಗಲಿಸಿದರು.

"ಅರ್ಧ ಬೆರಳು ಹೆಚ್ಚೇ ಬರ್ಕೊ" ಎಂದರು, "ಸೊಂಡಿಲು ಸಲೀಸಾಗಿ ಬರ್ಲಿ, ಹೊಲಿಗೆ ಉದ್ದ ಆದ್ರೆ ಆಗ್ಲಿ."